ಬಾವುಟಕ್ಕೇರಿದ ಮೊರೇನಾ

ಬನ್ನಿ, ಹತ್ರ ಕೂತ್ಕೊಳ್ಳಿ. ಕಡಲಾಚೆ ಪೋರ್ಚುಗೀಸರ ಸೀಮೇಲಿ ಗುಡ್ಡದ ಮೇಲೊಂದು ಊರು. ಹೆಸರು ಕೇಳಬೇಡಿ, ನನ್ನ ನಾಲಿಗೆ ಹೊರಳಲ್ಲ. ಊರಿಗೆ ಇದ್ದದ್ದೊಂದೇ ಬಾವಿ, ಆಳ ಅಂದ್ರೆ ಆಳ. ನೀರೆತ್ತೋ ರಾಟೆ ತಿರುಗಿಸ್ತಿದ್ದದ್ದು ಮೊರೇನಾ ಅನ್ನೋ ಕಂದು ಕತ್ತೆ. ಕತ್ತೆ ಊರಿನದು, ಆದ್ರೆ ಅದನ್ನ ಸಾಕಿದ ಬ್ರಿತೀಸಜ್ಜಿ ಮಗಳ ಹಾಗೆ ನೋಡ್ಕೊಂಡಿದ್ಲು.

ಮೊರೇನಾಗೆ ವಯಸ್ಸಾಯ್ತು. ನಾಲ್ಕು ಸುತ್ತು ಹಾಕಿದ್ರೆ ಏದುಸಿರು. ಊರ ಯಜಮಾನ ಗಾಸ್ಪರ್ ಹೇಳೇಬಿಟ್ಟ: "ದಂಡಕ್ಕೆ ಹುಲ್ಲು ಹಾಕಿದ್ದು ಸಾಕು. ನಾಳೆ ತೊಗಲಿನವನು ಬರ್ತಾನೆ, ಕೊಟ್ಟುಬಿಡಿ." ಅಜ್ಜಿ ಕಾಲು ಹಿಡಿದ್ಲು. ಕೇಳಿದನಾ? ಎಲ್ಲಿ ಕೇಳ್ತಾನೆ!

ಅವತ್ತೇ ಅರಮನೆಯ ಚಿತ್ರಗಾರ ಬಂದ. ರಾಜ ಈ ಊರಿಗೊಂದು ಬಾವುಟ ಕೊಟ್ಟಿದ್ದ. ನಡುವೆ ಗುರಾಣಿ, ಮೇಲೆ ನಾಲ್ಕು ಗೋಪುರದ ಕಿರೀಟ, ಕೆಳಗೆ ಊರ ಹೆಸರಿನ ಪಟ್ಟಿ. ಗುರಾಣಿಯೊಳಗೆ ಏನು? ಅದನ್ನ ಊರವರೇ ಹೇಳಬೇಕು.

"ನಿಮ್ಮನ್ನ ಬದುಕಿಸಿದ್ದು ಯಾವುದೋ ಅದನ್ನೇ ಬರೀತೀನಿ," ಅಂದ ಚಿತ್ರಗಾರ. "ಬರೆದ ಮೇಲೆ ಅದಕ್ಕೆ ಯಾರೂ ಕೇಡು ಮಾಡೋ ಹಾಗಿಲ್ಲ. ರಾಜಾಜ್ಞೆ."

"ಸಿಂಹ!" ಅಂದ ಗಾಸ್ಪರ್. "ಹದ್ದು!" ಅಂದ ಪಾದ್ರಿ. "ಹಡಗು!" ಅಂದ ವರ್ತಕ. ಗುಡ್ಡದ ಮೇಲೆ ಹಡಗಂತೆ, ಕೇಳ್ರಪ್ಪಾ! ಕೂಗಾಡಿ ಕೂಗಾಡಿ ಮೂವರ ಗಂಟಲೂ ಒಣಗ್ತು. ಬ್ರಿತೀಸಜ್ಜಿ ತಂಬಿಗೇಲಿ ನೀರು ತಂದ್ಲು.

ಗಾಸ್ಪರ್ ತಂಬಿಗೆ ಎತ್ತಿ, "ಮೊರೇನಾ, ನಿನ್ನ ಋಣ ದೊಡ್ಡದು" ಅಂದು ಕುಡಿದ. ಪಾದ್ರಿ ಹಾಗೇ ಅಂದು ಕುಡಿದ. ವರ್ತಕನೂ ಹಾಗೇ ಅಂದು ಕುಡಿದ.

"ಯಾರಜ್ಜೀ ಈ ಮೊರೇನಾ?" ಅಂದ ಚಿತ್ರಗಾರ.

"ನಮ್ಮ ರಾಟೆ ಕತ್ತೆ ಕಣಪ್ಪಾ. ಅವಳ ಹೆಸರು ಹೇಳ್ದೆ ಇಲ್ಲಿ ಯಾರೂ ನೀರು ಕುಡಿಯಲ್ಲ, ಅದು ಊರ ರೂಢಿ. ನಾಳೆ ಅವಳನ್ನೇ ತೊಗಲಿನವನಿಗೆ ಕೊಡ್ತಾರಂತೆ." ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡ್ಲು.

ಚಿತ್ರಗಾರ ಕುಂಚ ಅದ್ದಿದ. ನೀಲಿ ಹಚ್ಚಿದ, ಅದು ಬಾವಿ ನೀರು. ಬೆಳ್ಳಿ ಬಣ್ಣ ಹಚ್ಚಿದ, ಅದು ಊರಿನ ನಿಯತ್ತು. ನಡುವೆ ಒಂದು ಕಂದು ಕತ್ತೆ ನಿಲ್ಲಿಸಿದ.

"ಅಯ್ಯಯ್ಯೋ, ಕತ್ತೇನಾ! ಪಕ್ಕದೂರವರು ಬಿದ್ದುಬಿದ್ದು ನಗ್ತಾರೆ!" ಅಂದ ಗಾಸ್ಪರ್.

"ನಾನೇನು ಮಾಡ್ಲಿ ಯಜಮಾನ್ರೇ? ನಿಮ್ಮ ಮೂವರ ಬಾಯಲ್ಲೂ ಬಂದದ್ದು ಅವಳ ಹೆಸರೇ."

ಗಾಸ್ಪರ್ ವರ್ತಕನ ಕೈಯಲ್ಲಿದ್ದ ತಂಬಿಗೆ ನೋಡಿದ. ಮೆಲ್ಲಗೆ ಟೋಪಿ ತೆಗೆದ. "ಹೌದು. ನನ್ನ ಮಕ್ಕಳು ಬೆಳೆದದ್ದೇ ಅವಳೆತ್ತಿದ ನೀರಲ್ಲಿ. ನನಗೆ ಮಂಕು ಕವಿದಿತ್ತು" ಅಂದ.

ಮಾರನೇ ದಿನ ಬಾವುಟ ಏರ್ತು, ತೊಗಲಿನವನು ಬರಿಗೈಲಿ ಹೋದ. ಅಜ್ಜಿ ಮೊರೇನಾಳ ಕುತ್ತಿಗೆ ತಬ್ಬಿ, "ಬದುಕಿದೆ ನನ್ನವ್ವಾ" ಅಂತ ಅತ್ಲು. ಸರಿ, ಇನ್ನು ರಾಟೆ ತಿರುಗಿಸೋರು ಯಾರು? ಹೊಸ ಕತ್ತೆ ಸಿಗೋವರೆಗೆ ಸಿಂಹ, ಹದ್ದು, ಹಡಗು ಅಂದ ಮೂವರೇ ಹೆಗಲು ಕೊಟ್ರು! ಬೆವರು ಕಿತ್ಕೊಂಡು ಬಂತು. ಮೊದಲ ಬಕೆಟ್ಟು ನೀರನ್ನ ಗಾಸ್ಪರ್ ತಾನೇ ಹೊತ್ತು ತಂದು, ಮೊರೇನಾಳ ಬಾಯಿಗೆ ಹಿಡಿದ.

"ಕುಡಿ ತಾಯೀ. ಇದು ಇಷ್ಟು ಭಾರ ಅಂತ ನನಗೆ ಗೊತ್ತೇ ಇರ್ಲಿಲ್ಲ."

ಅವರ ಬಾವಿ ಅವರಿಗಿರಲಿ, ನಮ್ಮ ಕೊಡ ತುಂಬಿರಲಿ, ಕಥೆ ಕೇಳಿದವರ ಹೊಟ್ಟೆ ತಣ್ಣಗಿರಲಿ.