ಹಗುರ ಮೂತಿಯ ಕಾರು

ಈ ಹೊತ್ತಲ್ಲಿ ಬಾವಿ ತಿರುವಿನ ದಾರೀಲಿ ಮನೆಗೆ ಹೊರಟ್ರಾ? ಕೂತ್ಕೊಳ್ಳಿ ಸ್ವಲ್ಪ. ನಗೋರು ಈಗಲೇ ನಕ್ಕು ಮುಗಿಸಿಬಿಡಿ. ಆಮೇಲೆ ಜೊತೆಗೆ ಬಾ ಅಂತ ನನ್ನನ್ನ ಪೀಡಿಸಬೇಡಿ.

ನಮ್ಮ ದೊಡ್ಡಪ್ಪನ ಮಗ, ಅವನ ಭಾವಮೈದ, ಇಬ್ಬರೂ ಸೇರಿ ಷೆಡ್ಡಲ್ಲಿ ಒಂದು ರೇಸ್ ಕಾರು ಕಟ್ಟಿದ್ರು. ಎರಡೇ ಸೀಟು. ಭಾವಮೈದ ವೆಲ್ಡರ್. "ಇಂಜಿನ್ನನ್ನ ಸೀಟಿನ ಬೆನ್ನಿಗೇ, ಹಿಂದಿನ ಚಕ್ರಕ್ಕಿಂತ ಮುಂದೆ ಕೂರಿಸೋಣ ಕಣೋ. ಚಕ್ರದಾಚೆ ನೇತುಹಾಕಿದ್ರೆ ಮೂತಿ ಹಗುರ ಆಗುತ್ತೆ. ತಿರುವಲ್ಲಿ ಆಕ್ಸಿಲರೇಟರಿಂದ ಕಾಲು ತೆಗೆದ್ರೆ ಬಾಲ ಬೀಸುತ್ತೆ" ಅಂತ ಬಾಯಿ ಬಡ್ಕೊಂಡ. ನಮ್ಮವನು ಕೇಳಬೇಕಲ್ಲ! ಆಚೆಗೇ ನೇತುಹಾಕಿದ. ಮೊದಲ ಓಟಕ್ಕೆ ಭಾವಮೈದನೇ ಹೋದ... ಬಾವಿ ತಿರುವಲ್ಲಿ ಬಾಲ ಬೀಸಿತು. ಬಾವಿ ಕಟ್ಟೆಗೆ ಬಡಿದು ಅಲ್ಲೇ ಪ್ರಾಣ ಬಿಟ್ಟ.

ನಮ್ಮವನು ಅದೇ ಕಾರನ್ನ ಮತ್ತೆ ರಿಪೇರಿ ಮಾಡಿದ. ಇಂಜಿನ್? ಅದೇ ಜಾಗ! "ಅವನು ಓಡಿಸಿದ್ದೇ ಸರಿಯಿಲ್ಲ" ಅಂದ. ಎಂಥ ಮೊಂಡ ನೋಡಿ. ನಮ್ಮತ್ತಿಗೆ, ಅಂದ್ರೆ ಸತ್ತವನ ತಂಗಿ, ಹೋಗಿ ಪಕ್ಕದ ಸೀಟಲ್ಲಿ ಕೂತುಬಿಟ್ಳು. "ಇಂಜಿನ್ ಜರುಗಿಸು, ಇಳೀತೀನಿ. ಇಲ್ಲಾಂದ್ರೆ ನಾನೂ ಬರ್ತೀನಿ."

ಇವನೂ ಹಟಕ್ಕೆ ಬಿದ್ದು ಹೊರಟೇಬಿಟ್ಟ.

ಕತ್ತಲಾಗ್ತಿತ್ತು. ಬಾವಿ ತಿರುವಲ್ಲಿ ಅರ್ಧ ತಿರುಗಿದಾಗ ನಾಯಿ ಅಡ್ಡ ಬಂತು... ಕಾಲು ತೆಗೆದುಬಿಟ್ಟ! ಹಿಂದಿನ ಟೈರು ಕಿರ್ರ್ರ್ ಅಂತ ಜಾರಿತು. ಬಾಲ ಕಟ್ಟೆ ಕಡೆ ಹೊರಳಿತು.

ಧಪ್.

ಮೂತಿ ಮೇಲೆ ಯಾರೋ ಹಾರಿ ಕೂತ ಹಾಗೆ. ಸ್ಟೀರಿಂಗ್ ಕಲ್ಲಿನಷ್ಟು ಭಾರ. ಕಾರು ತಾನಾಗೇ ನೆಟ್ಟಗಾಯ್ತು.

"ಯಾರದು..." ಇವನು ಪಿಸುಗುಟ್ಟಿದ.

"ಸುಮ್ನೆ ಮನೆಗೆ ನಡಿ" ಅಂದ್ಳಂತೆ ಅತ್ತಿಗೆ.

ಓಟಕ್ಕೆ ಮುಂಚೆ, ಬಂದ ಮೇಲೆ, ಮೂತಿ ತೂಗೋದು ನಮ್ಮವನ ಅಭ್ಯಾಸ. ನಾವು ಹತ್ತಿ ನಿಲ್ತೀವಲ್ಲ, ಅಂಥ ತೂಕದ ಮಷಿನ್ನನ್ನ ಮುಂದಿನ ಒಂದೊಂದು ಚಕ್ರದ ಕೆಳಗೂ ಇಡ್ತಿದ್ದ. ಷೆಡ್ಡಲ್ಲಿ ಟಾರ್ಚು ಹಿಡಿದಿದ್ದವನು ನಾನು. ಇಬ್ಬರೂ ಇಳಿದಿದ್ರು. ಕಾರು ಖಾಲಿ. ಆದ್ರೂ ಹೊರಡೋ ಮುಂಚಿನದಕ್ಕಿಂತ ತೂಕ... ಒಬ್ಬ ಗಂಡಸಿನಷ್ಟು ಜಾಸ್ತಿ!

"ಹೇಳು" ಅಂದ್ಳು ಅತ್ತಿಗೆ, ಉಸಿರಲ್ಲೇ. "ಅವನಿಗೆ ಹೇಳು."

ನಮ್ಮವನು ಕಾರಿನ ಮೂತಿ ಮೇಲೆ ಕೈ ಇಟ್ಟ. "ತಪ್ಪಾಯ್ತು ಕಣೋ... ಇಂಜಿನ್ ಮುಂದಕ್ಕೆ ತರ್ತೀನಿ."

ಕಿರುಕ್... ಕಾರಿನ ಮುಂದಿನ ಸ್ಪ್ರಿಂಗ್ ಮೇಲೆದ್ದಿತು. ಎರಡು ಮುಳ್ಳೂ ಒಟ್ಟಿಗೆ ಕೆಳಗಿಳಿದವು. ಅಣ್ಣ ಸತ್ತಾಗಲೂ ಅಳದವಳು, ಆಗ ಅತ್ಳು ನೋಡಿ... ತಡೆಯೋಕಾಗಲಿಲ್ಲ ಯಾರಿಗೂ.

ಮಷಿನ್ ಕೆಟ್ಟಿತ್ತು ಅಂತೀರಾ? ಕಾರು ಇಳಿಸಿ ಎರಡರ ಮೇಲೂ ನಾನೇ ಹತ್ತಿ ನೋಡಿದೆ. ಎರಡೂ ನನ್ನ ತೂಕ ಸರಿಯಾಗೇ ತೋರಿಸಿದವು.