ಹಾಸಿಗೆಯಲ್ಲಿದ್ದ ಇನ್ನೊಬ್ಬರ ಕೈ

ಆಸ್ಪತ್ರೆಯ ಹಿಂದಿನ ಗೇಟು ದಾಟಿದರೆ ಒಂದು ಹಾಳುಬಾವಿ. ಮೇಲೆ ತುಕ್ಕು ಹಿಡಿದ ಜಾಲರಿ. ಅವತ್ತು ರಾತ್ರಿ ಹತ್ತೂವರೆಗೆ ನನ್ನ ಚಿಕ್ಕಮ್ಮನ ಮಗಳು ಪಾಳಿ ಮುಗಿಸಿ ಅದರ ಪಕ್ಕದಲ್ಲೇ ನಡೆದು ಬರುತ್ತಿದ್ದಳು. ಒಬ್ಬಳೇ... ಅಂತ ಅವಳು ಅಂದುಕೊಂಡಿದ್ದಳು.

ಅವಳು ಮುದುಕರ ವಾರ್ಡಿನ ನರ್ಸು. ಮೂವತ್ತೆರಡು ಹಾಸಿಗೆ, ಎರಡೇ ಜನ ನರ್ಸು. ಕಾಲು ಮುರಿದುಕೊಂಡೋ ಜ್ವರ ಅಂತಲೋ ಸೇರಿದವರಲ್ಲೂ ಅರ್ಧಕ್ಕರ್ಧ ಜನಕ್ಕೆ ತಲೆಯೊಳಗಿನ ತೊಂದರೆ: ಒಬ್ಬರಿಗೆ ಲಕ್ವ, ಒಬ್ಬರಿಗೆ ನಡುಕ, ಒಬ್ಬರಿಗೆ ಮರೆವು, ಇನ್ನೊಬ್ಬರಿಗೆ ಫಿಟ್ಸು. ಇಷ್ಟಕ್ಕೂ ಸೇರಿ ಅಲ್ಲಿನ ದೊಡ್ಡ ಡಾಕ್ಟರ ಹತ್ತಿರ ಇದ್ದದ್ದು ಒಂದೇ ಮಾತು: ‘ವಯಸ್ಸಿನ ಗೊಂದಲ’. ನರ್ಸುಗಳು ಆತನಿಗೆ ‘ಎರಡು ನಿಮಿಷ’ ಅಂತ ಹೆಸರಿಟ್ಟಿದ್ದರು. ಇಡೀ ವಾರ್ಡಿಗೆ ಸೇರಿ ಎರಡು ನಿಮಿಷ. ನಾನು ಊರೂರು ಅಲೆದವಳು, ಎಂತೆಂಥ ಭಂಡರನ್ನೋ ಕಂಡಿದ್ದೇನೆ. ರೋಗಿಯ ಮುಖ ನೋಡದೆ ರೋಗಿಗೆ ಗೊಂದಲ ಅಂತ ಬರೆಯುವ ಧೈರ್ಯ ಮಾತ್ರ ಬೇರೆಲ್ಲೂ ಕಂಡಿಲ್ಲ.

ಕಿಟಕಿ ಪಕ್ಕದ ಹಾಸಿಗೆಯಲ್ಲಿ ಲಕ್ವ ಹೊಡೆದ ಒಬ್ಬ ಅಜ್ಜಿ. ಎಡಭಾಗ ಪೂರ್ತಿ ಹೋಗಿತ್ತು. ಕೈ ಹೋಗಿದ್ದಷ್ಟೇ ಅಲ್ಲ, ಅದು ತನ್ನದು ಅನ್ನುವುದೂ ಹೋಗಿತ್ತು. ದಿನಾ ರಾತ್ರಿ ಒಂದೇ ಜಗಳ.

“ಯಾರದೋ ಕೈ ನನ್ನ ಹಾಸಿಗೇಲಿದೆ, ಮಗಳೇ. ತಣ್ಣಗಿದೆ. ತೆಗಿ ಇದನ್ನ.”

“ನಿಮ್ಮದೇ ಅಜ್ಜಿ.”

“ನನ್ನ ಕೈ ನಂಗೆ ಗೊತ್ತಿಲ್ವಾ? ಇದು ಯಾವಳೋ ಸೋಮಾರಿಯದು. ಮೂರು ವಾರದಿಂದ ಒಂದು ಕಡ್ಡಿ ಎತ್ತಿಲ್ಲ!”

ಮಿದುಳಿಗೆ ಪೆಟ್ಟಾದರೆ ಹೀಗೂ ಆಗುತ್ತದೆ ಅಂತ ಯಾರಾದರೂ ನರ್ಸುಗಳಿಗೆ ಹೇಳಬೇಕಿತ್ತು. ಎರಡು ನಿಮಿಷದಲ್ಲಿ ಅದೆಲ್ಲ ಎಲ್ಲಿ ಹಿಡಿಸುತ್ತೆ? ಡಾಕ್ಟರ್ ನಿದ್ದೆ ಮಾತ್ರೆ ಬರೆದು ಹೋದ.

ಕೊನೆಗೆ ನನ್ನ ತಂಗಿ ತನ್ನದೇ ಉಪಾಯ ಹೂಡಿದಳು. ಆ ಕೈ ಮೇಲೆ ಟವೆಲ್ ಹೊದಿಸಿ, ಎತ್ತಿದ ಹಾಗೆ ಮಾಡಿ, ಬರಿಗಾಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು, “ತಗೊಂಡು ಹೋಗ್ತಿದೀನಿ ಅಜ್ಜಿ, ಮಲಕ್ಕೊಳ್ಳಿ” ಅನ್ನುವುದು. ಅಜ್ಜಿ ಆಮೇಲೆ ಕಮಕ್ ಕಿಮಕ್ ಅನ್ನುತ್ತಿರಲಿಲ್ಲ. ಮನೆಗೆ ಹೊರಡುವ ಮುಂಚೆ ಇದೊಂದು ದಿನಚರಿಯೇ ಆಯಿತು.

ಅವತ್ತು ಅಜ್ಜಿ ಜಗಳವಾಡಲಿಲ್ಲ. ಕೈಯ ಸುದ್ದಿಯನ್ನೇ ಎತ್ತಲಿಲ್ಲ. ಸುಮ್ಮನೆ ಕಣ್ಣು ಮುಚ್ಚಿದ್ದರು. ಸದ್ಯ, ಇವತ್ತು ಬೇಗ ಮಲಗಿದರು ಅಂದುಕೊಂಡು ಇವಳು ಖುಷಿಪಟ್ಟಳು. ಕೇಳದಿದ್ದರೂ ಅಭ್ಯಾಸಬಲಕ್ಕೆ ಟವೆಲ್ ಹೊದಿಸಿ, ಎತ್ತಿ, ಕಂಕುಳಲ್ಲಿಟ್ಟುಕೊಂಡು ಹೊರಟಳು.

ಬಾವಿಯ ಹತ್ತಿರ ಬಂದಾಗ ಕಂಕುಳು ಭಾರವಾಯಿತು.

ನಿಂತಳು. ಜಾಲರಿಯ ಮೇಲೆ ಸದ್ದು... ಟಿಕ್. ಟಿಕ್. ಟಿಕ್. ಉಗುರಿನಿಂದ ತಂತಿ ಮೀಟಿದ ಹಾಗೆ. ಗಾಳಿ ಇರಲಿಲ್ಲ. ಸದ್ದು ನಿಂತಿತು. ಆಮೇಲೆ... ಅವಳ ಅಂಗೈಯೊಳಗೆ ಐದು ಬೆರಳು ಬಂದು ಕೂತವು. ತಣ್ಣಗೆ.

“ಯಾರು?” ಅಂದಳು, ಉಸಿರಿನಲ್ಲೇ.

“ತಿರುಗು.”

“ಅಜ್ಜೀ...?”

“ತಿರುಗು ಮಗಳೇ. ಬೇಗ.”

ಬೆರಳುಗಳು ಜಗ್ಗಿದವು. ಮನೆ ಕಡೆಗಲ್ಲ, ಆಸ್ಪತ್ರೆ ಕಡೆಗೆ.

ವಾರ್ಡಿಗೆ ಓಡಿದಳು. ಅಜ್ಜಿಯ ಉಸಿರು ಗೊರ್... ಗೊರ್... ಅನ್ನುತ್ತಿತ್ತು. ಭುಜ ಅಲುಗಿಸಿದರೂ ಎಚ್ಚರವಿಲ್ಲ. ರೆಪ್ಪೆ ಎತ್ತಿ ಟಾರ್ಚ್ ಹಾಕಿದರೆ ಒಂದು ಕಣ್ಣಿನ ಪಾಪೆ ದೊಡ್ಡದು, ಇನ್ನೊಂದು ಚಿಕ್ಕದು. ಫೋನ್ ಮಾಡಿದಳು.

“ಈ ಹೊತ್ತಲ್ಲಿ ಗೊಂದಲ ಅಂತ ಫೋನಾ?” ದೊಡ್ಡ ಡಾಕ್ಟರ್ ಗದರಿದ. “ಆ ವಯಸ್ಸಲ್ಲಿ ಗೊಂದಲ ಇಲ್ಲದೇ ಹೋದ್ರೆ ಫೋನ್ ಮಾಡಮ್ಮ!”

“ಇವತ್ತು ಇಲ್ಲ ಸಾರ್. ಅದಕ್ಕೇ ಮಾಡಿದ್ದು.”

ಫೋನ್ ಕುಕ್ಕಿದ. ಇವಳು ಸ್ಟ್ರೆಚರ್ ತಾನೇ ತಳ್ಳಿಕೊಂಡು ಸ್ಕ್ಯಾನ್ ಕೋಣೆಗೆ ಹೋದಳು. ಡಾಕ್ಟರ ಸಹಿ ಇಲ್ಲದೆ ಆಗಲ್ಲ ಅಂದ ಸ್ಕ್ಯಾನಿನವನು. “ನನ್ನ ಕೆಲಸ ಹೋದ್ರೆ ಹೋಗ್ಲಿ, ನೀನು ಗುಂಡಿ ಒತ್ತೋ ಮಾರಾಯ” ಅಂದಳು. ಒತ್ತಿದ. ಮಿದುಳಿನಲ್ಲಿ ಹೊಸದಾಗಿ ರಕ್ತ ಸೋರಿತ್ತು. ಚಿತ್ರ ಕಂಡ ಮೇಲೆ ಯಾರಿಗೂ ಗೊಂದಲ ಉಳಿಯಲಿಲ್ಲ. ಬೆಳಗಿನ ಜಾವದೊಳಗೆ ಆಪರೇಷನ್ ಆಯಿತು. ಅಜ್ಜಿ ಬದುಕಿದರು.

ಕೇಸ್ ಶೀಟಿನಲ್ಲಿ ‘ಸಕಾಲದಲ್ಲಿ ಗುರುತಿಸಿದವರು’ ಅನ್ನುವ ಜಾಗದಲ್ಲಿ ನಮ್ಮ ‘ಎರಡು ನಿಮಿಷ’ ಡಾಕ್ಟರ್ ತನ್ನ ಹೆಸರು ಬರೆದುಕೊಂಡ. ದೆವ್ವಕ್ಕೂ ಅಷ್ಟು ನಾಚಿಕೆಗೇಡಿತನ ಇರುವುದಿಲ್ಲ. ಬಾವಿಯ ಹತ್ತಿರ ನಡೆದದ್ದನ್ನು ಹೇಳಿದ್ದರೆ ಇವಳಿಗೂ ಒಂದು ‘ಗೊಂದಲ’ ಗೀಚಿ ನಿದ್ದೆ ಮಾತ್ರೆ ಕೊಡುತ್ತಿದ್ದನೇನೋ.

ನನಗೆ ಮಾತ್ರ ಹೇಳಿದಳು. ಅವಳು ಸುಳ್ಳು ಹೇಳುವವಳಲ್ಲ. ಸುಳ್ಳು ಹೇಳುವಷ್ಟು ಪುರುಸೊತ್ತೂ ಅವಳಿಗಿಲ್ಲ. ನಂಬದಿದ್ದರೆ ಬಿಡಿ, ನಡೆದದ್ದು ನಡೆದದ್ದೇ.

ಅಜ್ಜಿ ಅದಾದ ಮೇಲೆ ಎಂಟು ತಿಂಗಳು ಇದ್ದರು. ಭಾನುವಾರ ಭಾನುವಾರ ಇವಳೇ ಅವರ ಮನೆಗೆ ಹೋಗಿ ಉಗುರು ಕತ್ತರಿಸುತ್ತಿದ್ದಳು. ಲಕ್ವದ ಕೈಯಲ್ಲಿ ಉಗುರು ನಿಧಾನಕ್ಕೆ ಬೆಳೆಯುತ್ತೆ ಅಂತಾರೆ. ಇರಬಹುದು.

ಆ ಎಂಟು ತಿಂಗಳಲ್ಲಿ ಎಡಗೈಗೆ ಒಂದು ಸಲವೂ ಕತ್ತರಿ ಹಾಕಬೇಕಾಗಲಿಲ್ಲ. ಉಗುರುಗಳು ತಾವೇ ಸವೆದಿರುತ್ತಿದ್ದವು, ತುದಿಯಲ್ಲಿ ತುಕ್ಕಿನ ಕೆಂಪು.