ದೂರಿನ ಕೊನೆಯ ಸಾಲು

ಹಲೋ... ಹಲೋ, ಯಾರು ಮಾತಾಡ್ತಿರೋದು?

ಹಾಂ, ಆಫೀಸಿನ ಕಂಪ್ಯೂಟರ್ ವಿಭಾಗದವರಾ. ಹೌದು ಸರ್, ದೂರು ಬರೆದಿದ್ದು ನಾನೇ. ಹನ್ನೆರಡು ದಿನ ಆಯ್ತಲ್ವಾ, ಮರೆತೇಬಿಟ್ರಿ ಅಂದ್ಕೊಂಡಿದ್ದೆ...

ಇಲ್ಲ, ನಿಮ್ಮ ತಪ್ಪು ಅಂತಲ್ಲ. ನಾನೂ ರಜೆಯಲ್ಲಿದ್ದೆ. ಇವತ್ತೇ ಮತ್ತೆ ಕೆಲಸಕ್ಕೆ ಕೂತಿದ್ದು...

ಮನೆಯಿಂದಲೇ. ಸಾಮಾನು ಸಾಗಿಸೋ ಲಾರಿಗಳಿಗೆ ದಾರಿ ಹೇಳೋ ಕೆಲಸ. ಆಫೀಸಿನ ಚಾಟ್ ತೆರೆದರೆ ಸಾಕು, ಕಂಪ್ಯೂಟರಿನ ಫ್ಯಾನು ಬೊಬ್ಬೆ ಹೊಡೆಯೋಕೆ ಶುರು ಮಾಡುತ್ತೆ. ನಾನು ಒತ್ತಿದ ಅಕ್ಷರ ಪರದೆ ಮೇಲೆ ಮೂಡೋಷ್ಟರಲ್ಲಿ ಲಾರಿ ತಿರುವು ದಾಟಿರುತ್ತೆ...

ನೋಡಿದೆ. ಮೆಮೊರಿಯಲ್ಲಿ ಮುಕ್ಕಾಲು ಪಾಲು ಅದೇ ನುಂಗಿದೆ. ಯಾರೂ ಏನೂ ಬರೆಯದೆ ಇದ್ದಾಗಲೂ... ನೀರು ಕೇಳೋಕೆ ಬಂದು ಮಂಚ ಏರಿದ ನೆಂಟನಾ? ಹಾಂ, ಸರಿಯಾಗಿ ಹೇಳಿದ್ರಿ.

ಮುಚ್ಚೋ ಹಾಗಿಲ್ಲ ಸರ್. ಮುಚ್ಚಿದ್ರೆ ನನ್ನ ಹೆಸರಿನ ಪಕ್ಕದ ಹಸಿರು ಚುಕ್ಕಿ ಹೋಗುತ್ತೆ. ಐದು ನಿಮಿಷ ಎದ್ದುಹೋದ್ರೂ ಹೋಗುತ್ತೆ. ಮೇಲ್ವಿಚಾರಕರು ಎಲ್ಲರ ಮುಂದೆ "ಇದ್ದೀರಾ?" ಅಂತ ಹಾಕ್ತಾರೆ. ನನಗೆ ಎರಡು ಸಲ ಹಾಕಿದ್ರು. ಮೂರನೇ ಸಲ ಆದ್ರೆ ದಿನಾ ಆಫೀಸಿಗೇ ಬರ್ಬೇಕು ಅಂದಿದ್ರು. ಹಾಸಿಗೆ ಹಿಡಿದ ಅತ್ತೆನ ಬಿಟ್ಟು ಹೇಗೆ ಬರ್ಲಿ...

ಇಲ್ಲ, ಈಗ ಇಲ್ಲ. ತೀರಿಕೊಂಡ್ರು. ದೂರು ಬರೆದ ದಿನವೇ, ಮಧ್ಯಾಹ್ನ.

ಪರವಾಗಿಲ್ಲ, ನಿಮಗೆ ಹೇಗೆ ಗೊತ್ತಾಗ್ಬೇಕು. ನಿದ್ದೆಯಲ್ಲೇ ಹೋಗಿರ್ಬೇಕು ಅಂದ್ರು ಡಾಕ್ಟರು. ನಮ್ಮ ಮನೆಯವರು ಬಂದವರಿಗೆಲ್ಲ ಅದನ್ನೇ ಹೇಳ್ತಿದ್ದಾರೆ, ಅಮ್ಮ ನರಳಲಿಲ್ಲ, ಯಾರನ್ನೂ ಕರೀಲಿಲ್ಲ ಅಂತ. ಆ ಒಂದು ಮಾತು ಹಿಡ್ಕೊಂಡೇ ಎದ್ದು ಓಡಾಡ್ತಿದ್ದಾರೆ...

ದೂರಿನ ಕೊನೆಯ ಸಾಲಾ? ಓದಿ... ಹಾಂ, ನಾನೇ ಬರೆದಿದ್ದು. ಫ್ಯಾನಿನ ಸದ್ದಿನ ನಡುವೆ ಸಣ್ಣಗೆ ಟಕ್ ಟಕ್ ಅಂತ, ಮೂರು ಗಂಟೆ ಹತ್ತು ನಿಮಿಷದಿಂದ. ಮೂರು ಸಲ ಬಡಿಯೋದು, ನಿಲ್ಲೋದು, ಮತ್ತೆ ಮೂರು. ಇಪ್ಪತ್ತು ನಿಮಿಷ ಇತ್ತು. ಕಂಪ್ಯೂಟರ್ ಪೂರ್ತಿ ಕೈಕೊಡುತ್ತೆ ಅಂತ ಹೆದರಿ ಕೂತಲ್ಲೇ ದೂರು ಬರೆದೆ...

ಈಗಲಾ? ತಾಳಿ... ಇಲ್ಲ, ಬರೀ ಫ್ಯಾನು. ಬೆಳಿಗ್ಗೆಯಿಂದ ಒಂದು ಸಲವೂ ಬಂದಿಲ್ಲ.

ಹೌದಾ? ಒಳಗೆ ತಿರುಗೋದು ಫ್ಯಾನು ಒಂದೇನಾ? ಹಾಗಾದ್ರೆ ಅದಕ್ಕೆ ವೈರು ಗೀರು ತಗುಲಿ... ತಗುಲಿದ್ರೆ ಬಿಡದೆ ಬಡಿಯುತ್ತೆ. ಮೂರು ಬಡಿದು ನಿಲ್ಲಲ್ಲ. ಅಲ್ವಾ...

ಏನಂದ್ರಿ? ಕಂಪ್ಯೂಟರಿಂದು ಅಲ್ವೇ ಅಲ್ಲ...

ಪಕ್ಕದ ಕೋಣೆ ಅತ್ತೆಯದು. ಅವರಿಗೆ ಮಾತು ನಿಂತು ವರ್ಷ ಆಗಿತ್ತು. ಚಮಚದಲ್ಲಿ ಸ್ಟೀಲ್ ಲೋಟಕ್ಕೆ ತಟ್ಟಿ ಕರೀತಿದ್ರು. ಮೂರು ತಟ್ಟಿದ್ರೆ ಬಾ ಅಂತ. ಅದು ಠಣ್ ಅನ್ನೋದು ಸರ್, ಎಂಥಾ ಗಲಾಟೆಯಲ್ಲೂ ನನಗೆ ಗೊತ್ತಾಗುತ್ತೆ. ಇದು ಹಾಗಿರ್ಲಿಲ್ಲ. ಇದು ಮರಕ್ಕೆ ಬಡಿದ ಹಾಗೆ...

ಮಂಚ ಮರದ್ದು.

ಲೋಟ... ಆವತ್ತು ತೊಳೆಯೋಕೆ ಅಂತ ಲೋಟ ತಂದಿದ್ದೆ. ಚುಕ್ಕಿ ಹೋಗುತ್ತೆ ಅಂತ ಅಲ್ಲೇ ನಲ್ಲಿ ಕೆಳಗೆ ಬಿಟ್ಟು ಓಡಿಬಂದು ಕೂತೆ. ನಾಲ್ಕು ಗಂಟೆಗೆ ಹೋಗಿ ನೋಡಿದಾಗ ಚಮಚ ಅವರ ಕೈಯಲ್ಲೇ ಇತ್ತು. ಅಭ್ಯಾಸ ಅಂದ್ಕೊಂಡೆ...

ಇದ್ದೀನಿ. ಕೇಳಿಸ್ತಿದೆ, ಹೇಳಿ.

ಬೇಡ, ಯಾರೂ ಬಂದು ನೋಡೋದು ಬೇಡ. ಒಂದು ಉಪಕಾರ ಮಾಡಿ ಸರ್. ಆ ಕೊನೆಯ ಸಾಲು ತೆಗೆದುಬಿಡಿ. ಚಾಟ್ ಮೆಮೊರಿ ತಿನ್ನುತ್ತೆ, ಅಷ್ಟು ಮಾತ್ರ ಇರಲಿ...

ದೂರು ಮುಗಿದ ಮೇಲೆ ಪ್ರತಿ ತಾನಾಗಿ ಮನೆಯ ಇಮೇಲಿಗೆ ಬರುತ್ತಾ? ಸಾಲಿನ ಸಮೇತ? ಗಂಟೆ ನಿಮಿಷದ ಸಮೇತ? ಸರ್, ಆ ಇಮೇಲು ನಾವು ಗಂಡ ಹೆಂಡತಿ ಇಬ್ಬರದೂ. ಮೊದಲು ಓದೋದು ಇವರೇ...

ತಾಳಿ, ಬಾಗಿಲು ತೆಗೆದ ಹಾಗಾಯ್ತು... ಏನಿಲ್ಲ ರೀ, ಆಫೀಸಿನವರು. ಕಂಪ್ಯೂಟರ್ ನಿಧಾನ ಆಗಿತ್ತಲ್ಲ, ಅದಕ್ಕೆ. ನೀವು ಕೈಕಾಲು ತೊಳ್ಕೊಳ್ಳಿ, ಬಂದೆ...

ಹಾಂ, ಅವರೇ. ಇಲ್ಲ ಸರ್, ಅವರಿಗೆ ಹೇಳಲ್ಲ. ಯಾರಿಗೂ ಹೇಳಲ್ಲ. ನೀವೂ ಕೇಳಿಸ್ಕೊಂಡಿಲ್ಲ ಅಂದ್ಕೊಳ್ಳಿ. ಆ ಸಾಲು... ಅಳಿಸಿದ್ರಾ? ಹಲೋ? ಸರ್... ಇದ್ದೀರಾ? ಹಲೋ...